ಬ್ರೇಕಿಗೆ ಕೂಲಿ ಕೇಳದ ಕೆಂಪಾಚಾರಿ

ಬಹಳ ಹಿಂದಿನ ಮಾತು. ಬೆಟ್ಟದ ಬುಡದಲ್ಲಿ ಕೊಕ್ಕರೆದೊಡ್ಡಿ ಅಂತ ಒಂದೂರಿತ್ತು. ಊರಿಂದ ಬೆಟ್ಟಕ್ಕೆ ಇದ್ದದ್ದು ಒಂದೇ ರಸ್ತೆ, ಹನ್ನೊಂದು ತಿರುವು. ಮೇಲೆ ಕಾಡಿನೊಳಗೆ ಸೋಲಿಗರ ಹಟ್ಟಿಗಳು, ಅವರ ಮಾತಲ್ಲಿ ಪೋಡು. ರಸ್ತೆ ಹತ್ತಲು ಶುರುವಾಗುವ ಕಡೆ, ಹುಣಸೆಮರದ ಪಕ್ಕ, ಕೆಂಪಾಚಾರಿ ಅನ್ನುವ ಮೆಕ್ಯಾನಿಕ್ಕಿನ ಶೆಡ್ಡು.

ಆಚಾರ್ರ ಅಪ್ಪ ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ಕಟ್ಟುತ್ತಿದ್ದವರು. ಗಾಡಿ ಹೋಗಿ ಕಾರು ಬಂತು, ಮಗ ಕುಲುಮೆ ಬಿಟ್ಟು ಸ್ಪ್ಯಾನರ್ ಹಿಡಿದರು. ಅವರ ಕಿವಿಯ ಬಗ್ಗೆ ಜನ ಏನೇನೋ ಹೇಳುತ್ತಾರೆ. ಮೂರನೇ ತಿರುವಲ್ಲಿ ಇಳಿಯುತ್ತಿದ್ದ ಕಾರಿನ ಸದ್ದು ಕೇಳಿ, ಯಾವ ಗಾಲಿಯ ಬೇರಿಂಗು ಹೋಗಿದೆ ಅಂತ ಊಟದೆಲೆ ಮುಂದೆ ಕೂತೇ ಹೇಳುತ್ತಿದ್ದರಂತೆ. ಮದುವೆಮನೆಯ ವಾಲಗದ ನಡುವೆ, ಹೊರಗೆ ನಿಂತ ಕಾರಿನ ಫ್ಯಾನ್ ಬೆಲ್ಟು ಹರಿಯುವುದನ್ನು ಕೇಳಿ ಎದ್ದು ಹೋದರಂತೆ. ನಂಬುವವರು ನಂಬಿ, ಬಿಡುವವರು ಬಿಡಿ. ಕಿವಿ ಚುರುಕಾಗಿತ್ತು ಅನ್ನುವುದಂತೂ ನಿಜ.

ಅವರ ಹತ್ತಿರ ಬರುತ್ತಿದ್ದದ್ದೆಲ್ಲ ಹಳೇ ಪುಟ್ಟ ಕಾರುಗಳು. ಮೂರು ಕೈ, ನಾಲ್ಕು ಕೈ ದಾಟಿ ಬಂದವು. ಹೊಸ ಕಾರು ಕೊಂಡವನು ಆ ಊರಿಗೆ ಯಾಕೆ ಬರುತ್ತಾನೆ? ಹಳೇ ಕಾರಿಗೆ ಒಂದೇ ಕಾಯಿಲೆ ಅಂತ ಇರುವುದಿಲ್ಲ. ರೇಡಿಯೇಟರು ಸೋರುತ್ತದೆ, ಕ್ಲಚ್ಚು ಜಾರುತ್ತದೆ, ಸೈಲೆನ್ಸರು ತೂತು, ಡೈನಮೋ ಮಂಕು. ಎಲ್ಲ ಮಾಡಿಸಿದರೆ ಕಾರಿನ ಬೆಲೆಗಿಂತ ರಿಪೇರಿಯೇ ಹೆಚ್ಚು. ಅದಕ್ಕೆ ಆಚಾರ್ರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಕಾರು ನೋಡಿ, ಬಾನೆಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದೇ ದೋಷ ಬರೆದು, ಎದುರಿಗೆ ಖರ್ಚು ಬರೆಯುವರು. ಯಜಮಾನ ತನ್ನ ಕೈಲಾಗದ್ದನ್ನು ಅಂಗೈಯಲ್ಲಿ ಅಳಿಸಬೇಕು. ಉಳಿದದ್ದನ್ನು ಆಚಾರ್ರು ಮಾಡುವರು. ಅಳಿಸಿದ ಕೈ ಜೊತೆ ವಾದವಿಲ್ಲ ಅನ್ನುವುದು ಅವರ ಮಾತು. ಯಾರಿಗೂ ಬೇಡದ ರಿಪೇರಿ ಕಟ್ಟಲಿಲ್ಲ, ಯಾರ ಬಡತನವನ್ನೂ ಬಾಯಿಬಿಟ್ಟು ಹೇಳಿಸಲಿಲ್ಲ. ಆ ಪದ್ಧತಿಯ ಬಗ್ಗೆ ಅವರಿಗೆ ಹೆಮ್ಮೆಯಿತ್ತು.

ಆ ಕಾಲದಲ್ಲಿ ಊರ ಆಸ್ಪತ್ರೆಯಲ್ಲಿ ಫಿಲೋಮಿನಮ್ಮ ಅಂತ ಒಬ್ಬ ನರ್ಸು. ಪೋಡಿನ ಹೆಂಗಸರ ಹೆರಿಗೆ, ಮಕ್ಕಳ ಚುಚ್ಚುಮದ್ದು, ಎಲ್ಲ ಅವರದೇ. ಎಲ್ಲರಿಗೂ ಅವರು ಸಿಸ್ಟರಮ್ಮ. ಆಸ್ಪತ್ರೆಯ ಜೀಪು ಕೆಟ್ಟು ವರ್ಷವಾಗಿತ್ತು. ಅವರು ತಮ್ಮ ಸಂಬಳದಲ್ಲೇ ಒಂದು ನೀಲಿ ಬಣ್ಣದ ಹಳೇ ಕಾರು ಕೊಂಡು, ಬೆಟ್ಟ ಹತ್ತಿ ಇಳಿಯುತ್ತಿದ್ದರು.

ಒಂದು ದಿನ ಸಿಸ್ಟರಮ್ಮ ಆ ಕಾರನ್ನು ಶೆಡ್ಡಿಗೆ ತಂದರು. ಮುಖ ಬಾಡಿತ್ತು. ಹಿಂದಿನ ವಾರ ಪೋಡಲ್ಲಿ ಒಬ್ಬಳಿಗೆ ಹೆರಿಗೆ ಕಷ್ಟವಾಗಿ, ಕಾರಿಗೆ ಕೂರಿಸಿದರೆ ಕಾರು ಸ್ಟಾರ್ಟೇ ಆಗಲಿಲ್ಲವಂತೆ. ಎಂಜಿನ್ ತಿರುಗಿಸುವ ಸೆಲ್ಫು ಕೈಕೊಟ್ಟಿತ್ತು. ಗಂಡಸರೆಲ್ಲ ಕಾಡಿಗೆ ಹೋಗಿದ್ದರು, ತಳ್ಳಲು ಇದ್ದವರು ಇಬ್ಬರು ಮುದುಕಿಯರು. ಕೂಸು ಉಳಿಯಲಿಲ್ಲ.

ಆಚಾರ್ರು ಕಾರಿನ ಕೆಳಗೆ ಮಲಗಿ ನೋಡಿದರು, ಎದ್ದು ಬಂದು ಬರೆದರು. ಕ್ಲಚ್ಚು, ಎರಡು ಸಾವಿರ. ರೇಡಿಯೇಟರು, ಎಂಟುನೂರು. ಸೆಲ್ಫು, ಒಂಬೈನೂರು. ಹಿಂದಿನ ಗಾಲಿಯ ಬ್ರೇಕು, ಸಾವಿರದ ನೂರು. ಸಿಸ್ಟರಮ್ಮನ ಹತ್ತಿರ ಇದ್ದದ್ದು ಸಾವಿರದ ಇನ್ನೂರು. ಅವರು ಕ್ಲಚ್ಚು ಅಳಿಸಿದರು, ರೇಡಿಯೇಟರು ಅಳಿಸಿದರು. ಒಂದು ಗಳಿಗೆ ನಿಂತು ಬ್ರೇಕನ್ನೂ ಅಳಿಸಿದರು.

ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವುದು ಆಚಾರ್ರಿಗೆ ಗೊತ್ತಿತ್ತು. ಸೆಲ್ಫು ಕೆಟ್ಟರೆ ಊರಿಗೆಲ್ಲ ಕೇಳುತ್ತದೆ. ಬ್ರೇಕು ಕೆಡುವಾಗ ಸದ್ದೇ ಮಾಡುವುದಿಲ್ಲ, ಗಾಲಿಯ ಒಳಗೆ ಆಯಿಲ್ ಹನಿಹನಿಯಾಗಿ ಜಿನುಗುತ್ತದೆ. ಬ್ರೇಕು ಮೊದಲು ಮಾಡಿಸುವುದು ಒಳ್ಳೆಯದು ಅಂತ ಅವರು ಒಂದು ಸಲ ಅಂದರು. ಮುಂದಿನ ತಿಂಗಳು ಮಾಡಿಸುತ್ತೇನೆ, ಮೇಲೆ ಮತ್ತೊಬ್ಬಳಿಗೆ ದಿನ ತುಂಬಿದೆ ಅಂತ ಸಿಸ್ಟರಮ್ಮ ಅಂದರು. ಆಚಾರ್ರು ಎರಡನೇ ಸಲ ಹೇಳಲಿಲ್ಲ. ಬಿಟ್ಟಿಯಾಗಿ ಮಾಡಿಕೊಡುತ್ತೇನೆ ಅಂದರೆ ಆ ಹೆಣ್ಣುಮಗಳ ಮಾನಕ್ಕೆ ಕುಂದು ಅಂದುಕೊಂಡರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಬ್ರೇಕ್ ಆಯಿಲ್ ತುಂಬಿಸಿ, ಇನ್ನೊಂದು ಡಬ್ಬಿ ಕೈಗೆ ಕೊಟ್ಟು, ಶುಕ್ರವಾರಕ್ಕೊಮ್ಮೆ ಹಾಕಿಕೊಳ್ಳಿ ಅಂದರು. ಒಂದು ತಿಂಗಳು ತಡೆಯುತ್ತದೆ ಅಂತ ತಮಗೆ ತಾವೇ ಹೇಳಿಕೊಂಡರು. ಸೆಲ್ಫನ್ನು ಮಾತ್ರ ಹೊಸದಕ್ಕಿಂತ ಚೆನ್ನಾಗಿ ಮಾಡಿಕೊಟ್ಟರು.

ಮೂರನೇ ವಾರ, ಗುರುವಾರ. ಮೇಲಿನ ಪೋಡಲ್ಲಿ ಜಡೆಯ ಅನ್ನುವವನ ಹೆಂಡತಿ ಕೇತಮ್ಮನಿಗೆ ನೋವು ಬಂತು. ಸಿಸ್ಟರಮ್ಮ ಹೋದರು, ಹಿಂದಿನ ಸೀಟಲ್ಲಿ ಅವಳನ್ನು ಮಲಗಿಸಿದರು. ಕಾರು ಒಂದೇ ಸಲಕ್ಕೆ ಸ್ಟಾರ್ಟಾಯಿತಂತೆ. ಪೋಡಿನವರೆಲ್ಲ ನಕ್ಕರಂತೆ, ಈ ಸಲ ತಳ್ಳುವ ಕೆಲಸವಿಲ್ಲ ಅಂತ. ಮುಂದಿನ ಸೀಟಲ್ಲಿ ಹೆರಿಗೆಯ ಸಾಮಾನಿತ್ತು, ಜಡೆಯ ಕಾಲುದಾರಿಯಲ್ಲಿ ಇಳಿದು ಆಸ್ಪತ್ರೆಗೆ ಬರುವುದು ಅಂತಾಯಿತು.

ಏಳನೇ ತಿರುವಲ್ಲಿ ಬ್ರೇಕಿನ ಪೆಡಲು ಪಾತಾಳಕ್ಕೆ ಹೋಯಿತು. ಸಿಸ್ಟರಮ್ಮ ಕಾರನ್ನು ಬೆಟ್ಟದ ಕಡೆಗೆ ಉಜ್ಜಿಸಿ ನಿಲ್ಲಿಸಲು ನೋಡಿದರು ಅಂತಾರೆ, ಬಂಡೆಯ ಮೇಲೆ ನೀಲಿ ಬಣ್ಣ ಬಹಳ ದಿನ ಇತ್ತಂತೆ. ಕಾರು ನಿಲ್ಲಲಿಲ್ಲ. ಜಡೆಯ ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದ. ಸಂಜೆ ಹೊತ್ತಿಗೆ ಇಬ್ಬರ ಹೆಣ ಬಂತು. ಇಬ್ಬರೋ ಮೂವರೋ, ನೀವೇ ಎಣಿಸಿಕೊಳ್ಳಿ.

ಕಾರನ್ನು ಎಳೆದು ತಂದು ಆಚಾರ್ರ ಶೆಡ್ಡಿನ ಮುಂದೆಯೇ ಹಾಕಿದರು. ಬೇರೆಲ್ಲಿ ಹಾಕುತ್ತಾರೆ? ಜನ ಹೋದ ಮೇಲೆ ಆಚಾರ್ರು ನುಜ್ಜುಗುಜ್ಜಾದ ಬಾಗಿಲಿಂದ ಕೈ ತೂರಿಸಿ ಕೀಲಿ ತಿರುಗಿಸಿದರಂತೆ. ಎಂಜಿನ್ ಹತ್ತಲಿಲ್ಲ. ಸೆಲ್ಫು ಮಾತ್ರ ಗಿರ್ರನೆ ತಿರುಗಿತು. ಕೀಲಿ ಬಿಟ್ಟರು, ಮತ್ತೆ ತಿರುಗಿಸಿದರು, ಮತ್ತೆ ತಿರುಗಿತು. ಮನೆಯೊಳಗಿದ್ದ ಹೆಂಡತಿ ಹೊರಗೆ ಬಂದು ಕೈ ಹಿಡಿದು ಬಿಡಿಸುವ ತನಕ ಹಾಗೇ ಮಾಡುತ್ತಿದ್ದರಂತೆ.

ಹನ್ನೊಂದು ದಿನ ಕಳೆದು ಜಡೆಯ ಬಂದ. ಬೈಯಲಿಲ್ಲ, ಕಲ್ಲೆತ್ತಲಿಲ್ಲ. ಆ ಕಾರಲ್ಲಿ ಏನಾದರೂ ಐಬಿತ್ತಾ ಅಂತ ಕೇಳಿದ. ಸಿಸ್ಟರಮ್ಮನೇ ಅಳಿಸಿದ್ದು ಅಂತ ಆಚಾರ್ರು ಹೇಳಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅವರು ಬ್ರೇಕು ಜಿನುಗುತ್ತಿತ್ತು, ನನಗೆ ಗೊತ್ತಿತ್ತು ಅಂದರು. ಎಷ್ಟಾಗುತ್ತಿತ್ತು ಅಂತ ಜಡೆಯ ಕೇಳಿದ. ಸಾವಿರದ ನೂರು ಅಂದರು.

ಜಡೆಯ ಅಂದ: "ನಮ್ಮನ್ನೊಂದು ಮಾತು ಕೇಳಿದ್ರೆ ಜೇನು ಮಾರಿ ಕೊಡ್ತಿದ್ವಲ್ಲ ಆಚಾರ್ರೇ. ಅದ್ರಲ್ಲಿ ಕೂತ್ಕಳೋರು ನಾವಲ್ವಾ?"

ಅಷ್ಟೇ ಅಂದು ಹೊರಟುಹೋದ. ಆ ಮಾತಿಗಿಂತ ಹೊಡೆದಿದ್ದರೇ ಎಷ್ಟೋ ವಾಸಿಯಿತ್ತು. ಕಾರಿನ ಯಜಮಾನನನ್ನು ಕೇಳಿದ್ದೇ ಧರ್ಮ ಅಂತ ಅಷ್ಟು ವರ್ಷ ಬೀಗಿದವರು, ಹಿಂದಿನ ಸೀಟಲ್ಲಿ ಕೂರುವವರ ಕಡೆ ಒಂದು ಸಲವೂ ತಿರುಗಿ ನೋಡಿರಲಿಲ್ಲ.

ಅಲ್ಲಿಂದ ಮುಂದೆ ಆಚಾರ್ರು ಬ್ರೇಕನ್ನು ಬಾನೆಟ್ಟಿನ ಮೇಲೆ ಬರೆಯಲೇ ಇಲ್ಲ. ಯಾವ ಕಾರು ಬಂದರೂ ಮೊದಲು ಜಾಕ್ ಏರಿಸಿ ನಾಲ್ಕೂ ಗಾಲಿ ಬಿಚ್ಚುವರು, ಬ್ರೇಕು ಸರಿಮಾಡುವರು, ಆಮೇಲೆ ನಿನ್ನ ತೊಂದರೆ ಏನಪ್ಪಾ ಅಂತ ಕೇಳುವರು. ಸಾಮಾನಿನ ದುಡ್ಡು ಇದ್ದವರು ಕೊಟ್ಟರು, ಇಲ್ಲದವರು ಕೈ ಮುಗಿದರು. ಕೂಲಿ ಮಾತ್ರ ಮುಟ್ಟಲಿಲ್ಲ. ಕೆಲವರು ಹುಚ್ಚ ಅಂದರು. ದೂರದೂರಿಂದ ಜಾಣರು ಬಿಟ್ಟಿ ಬ್ರೇಕಿಗೆಂದೇ ಬಂದರು, ಅವರಿಗೂ ಮಾಡಿಕೊಟ್ಟರು. ಹೆಂಡತಿಯ ಓಲೆ ಹೋಯಿತು, ಮನೆಯ ಹಿಂದಿನ ಹಿತ್ತಲು ಹೋಯಿತು. ಕಿವಿಯೂ ಹೋಯಿತು ಅಂತಾರೆ. ಕೊನೆಗಾಲದಲ್ಲಿ ಏನೂ ಕೇಳುತ್ತಿರಲಿಲ್ಲ, ಸೆಲ್ಫಿನ ಸದ್ದೊಂದನ್ನು ಬಿಟ್ಟು. ಅದು ಕೇಳಿದರೆ ಎದ್ದು ಒಳಗೆ ಹೋಗಿಬಿಡುವರಂತೆ. ಅವರಿಗೆ ಸಮಾಧಾನ ಅನ್ನುವುದು ಕೊನೆಗೂ ಸಿಗಲಿಲ್ಲ. ಸಿಕ್ಕಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಆ ರಸ್ತೆಯಲ್ಲಿ ಒಂಬತ್ತು ಶೆಡ್ಡುಗಳಿವೆ. ಒಂದರಲ್ಲೂ ಬ್ರೇಕಿಗೆ ಕೂಲಿ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ರೂಢಿಯೂ ಇದೆ. ಮೇಲಿನ ಪೋಡಿಂದ ಬಸುರಿಯನ್ನು ಕೂರಿಸಿಕೊಂಡು ಇಳಿಯುವ ಡ್ರೈವರ್, ಎಷ್ಟೇ ಅವಸರವಿರಲಿ, ಮೊದಲು ಕೆಳಗಿಳಿದು ಪ್ರತಿ ಗಾಲಿಯ ಒಳಮೈಗೆ ಬೆರಳಾಡಿಸುತ್ತಾನೆ. ಆ ಬೆರಳನ್ನು ಕಿಟಕಿಯ ಹತ್ತಿರ ತಂದು ಅವಳಿಗೆ ತೋರಿಸುತ್ತಾನೆ. ನೋವಿನಲ್ಲಿದ್ದರೂ ಅವಳು ಅದನ್ನು ಮುಟ್ಟಿ ನೋಡುತ್ತಾಳೆ. ಒಣಗಿದೆ, ಹೊರಡು ಅಂತ ಅವಳು ಹೇಳಿದರೇನೇ ಕಾರು ಹೊರಡುವುದು.