ಕಟ್ಟಕಡೆಯ ಎಲೆ

“ಮೇಷ್ಟ್ರೇ, ಪರೀಕ್ಷೆ ಮುಗಿದ ಮೇಲೆ ಓದಿದ್ದೆಲ್ಲ ಮರೆತುಹೋಗುತ್ತದೆ. ಮತ್ತೆ ಈ ಕಾಲೇಜಿಗೆ ನಾನು ಯಾಕೆ ಋಣಿಯಾಗಿರಬೇಕು?” ಎಂದು ಮಹಾಲಿಂಗ ಕೇಳಿದ.

ಯೋನಾತಾನ್ ಮೇಷ್ಟ್ರು ಮಿಷನ್ ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತಲೇ ಮುದುಕರಾದವರು. ಶಿಷ್ಯನನ್ನು ತಮ್ಮ ಮನೆಯ ಜಗಲಿಯಲ್ಲಿ ಕೂರಿಸಿಕೊಂಡಿದ್ದರು. “ಮರೆತುಬಿಡು ಮಾರಾಯ, ಬೇಡ ಅಂದವರು ಯಾರು? ಮೊದಲು ಈ ಕತೆ ಕೇಳು” ಎಂದರು.

ಒಬ್ಬ ಅಕ್ಕಿ ವ್ಯಾಪಾರಿ ಇದ್ದ. ಅವನೂ ಇದೇ ಕಾಲೇಜಿನ ಹಾಸ್ಟೆಲಿನಲ್ಲಿ ಉಂಡು ಬೆಳೆದವನು. ಅಲ್ಲೊಂದು ಕಟ್ಟುಪಾಡಿತ್ತು. ಪ್ರಾರ್ಥನೆ ಮುಗಿದರೂ ಸರಿ, ಅನ್ನ ಆರಿಹೋದರೂ ಸರಿ, ಸಾಲಿನ ಕಟ್ಟಕಡೆಯವನಿಗೆ ಬಡಿಸುವ ತನಕ ಯಾರೂ ತುತ್ತು ಎತ್ತುವಂತಿಲ್ಲ. ಕಸ ಗುಡಿಸುವವನೂ ಅದೇ ಸಾಲಿನಲ್ಲಿ ಕೂರಬೇಕು. “ಹೊಟ್ಟೆ ತಾಳ ಹಾಕುತ್ತಿರುವಾಗ ಇದೆಂಥ ಪೀಕಲಾಟ!” ಎಂದು ಅವನು ದಿನಾ ಗೊಣಗುತ್ತಿದ್ದ. ಓದು ಮುಗಿಯಿತು. ಅಂಗಡಿಯಲ್ಲಿ ಕೂತ, ಪಾಠವೆಲ್ಲ ಮರೆತ.

ಮಗಳ ನಿಶ್ಚಿತಾರ್ಥ ಬಂತು. ಬೀಗರದು ದೊಡ್ಡ ಮನೆತನ. ಅವರ ಒತ್ತಾಯಕ್ಕೆ ವ್ಯಾಪಾರಿಯೂ ಅವರ ಪಕ್ಕದಲ್ಲೇ ಊಟಕ್ಕೆ ಕೂತ. ಬಡಿಸಿದ್ದಾಯಿತು. ಅವನ ಕಣ್ಣು ತಾನಾಗಿ ಸಾಲಿನ ಕೊನೆಗೆ ಹೋಯಿತು. ಬೆಳಗ್ಗಿನಿಂದ ಮೂಟೆ, ಪಾತ್ರೆ ಹೊತ್ತಿದ್ದ ಅಂಗಡಿಯ ಹಮಾಲರು ಬಾಗಿಲಾಚೆ ನಿಂತಿದ್ದರು. “ಅವರಿಗೂ ಇಲ್ಲೇ ಎಲೆ ಹಾಕಿ” ಎಂದ.

“ಅವರು ಈ ಸಾಲಿನಲ್ಲಿ ಕೂತರೆ ನಾವು ಏಳುತ್ತೇವೆ” ಎಂದರು ಬೀಗರು.

ವ್ಯಾಪಾರಿ ಎಲೆಯ ಮುಂದೆ ಕೂತೇ ಯೋಚಿಸಿದ. ಎಂಥ ಸಂಬಂಧ! ಕೈತಪ್ಪಿದರೆ ಮಗಳ ಗತಿಯೇನು? ಕಣ್ಣು ಮುಚ್ಚಿಕೊಂಡು ಒಂದು ತುತ್ತು ಉಂಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ಉಣ್ಣಬೇಕೆಂದೇ ನೋಡಿದ. ಏನು ಮಾಡಿದರೂ ಕೈ ಬಾಯಿಗೆ ಹೋಗಲಿಲ್ಲ. ಕೊನೆಗೆ ತಾನೇ ಎದ್ದು ಎಲೆ ಹಾಕಿ ಹಮಾಲರನ್ನು ಕೂರಿಸಿದ. ಬಡಿಸಿದ ಎಲೆ ಬಿಟ್ಟು ಬೀಗರು ಹೊರಟುಹೋದರು. ಊರವರು ಅವನಿಗೆ ತಲೆ ಕೆಟ್ಟಿದೆ ಎಂದರು. ಅವನಿಗೂ ಮಗಳ ಮುಖ ನೋಡಲಾಗದೆ ಅಳು ಬಂತು.

ಇಷ್ಟು ಹೇಳಿ ಮೇಷ್ಟ್ರು ಕತೆ ನಿಲ್ಲಿಸಿದರು.

ಮಹಾಲಿಂಗನಿಗೆ ಸಿಟ್ಟೇ ಬಂತು. “ಚೆನ್ನಾಗಿದೆ ನಿಮ್ಮ ಕಾಲೇಜು! ಗೊತ್ತಾಗಿದ್ದ ಮದುವೆ ಮುರಿಯಿತಲ್ಲ ಮೇಷ್ಟ್ರೇ. ಪಾಪ, ಆ ಹುಡುಗಿ ಏನಾದಳು?”

ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟರು.

“ನನ್ನ ಕೈಹಿಡಿದಳು, ಈಗ ನೀನು ಎಲೆಗೆ ಕೂರಲೆಂದು ಒಳಗೆ ಹಸಿದುಕೊಂಡು ಕಾಯುತ್ತಿದ್ದಾಳೆ, ಏಳು.”

ಮಹಾಲಿಂಗ ಎದ್ದು ಒಳಗೆ ನಡೆದ.