ಮನೆಯ ಕಡೆ ಮುಖ ಮಾಡಿದ ಚಪ್ಪಲಿಗಳು

ನದಿಯ ದಡದಲ್ಲಿ ಒಂದು ಸಣ್ಣ ಚರ್ಚು. ಅದರ ಹಿಂದಿನ ಕೋಣೆಯಲ್ಲಿ ತಬಿತಮ್ಮ ನಲವತ್ತು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದರು. ಊರಿಗೆಲ್ಲ ಅವರು ಟೀಚರಮ್ಮ.

ಒಂದು ಭಾನುವಾರ ಜೆಮೀಮಾ ಬಂದು ಅವರ ಮುಂದೆ ನಿಂತಳು. ಹಾಸ್ಟೆಲಿನಲ್ಲಿದ್ದು ಓದು ಮುಗಿಸಿ ಊರಿಗೆ ಮರಳಿದವಳು. ಮಾತು ಕಡಿಮೆ.

"ಅಮ್ಮ, ಮಕ್ಕಳಿಗೆ ಕಲಿಸೋದು ಹೇಗೆ ಅಂತ ನನಗೆ ಹೇಳಿಕೊಡಿ."

"ಏನು ಕಲಿಸ್ತೀಯ?"

"ಪ್ರಾರ್ಥನೆ ಮಾಡೋದು. ದೇವರನ್ನ ನಂಬೋದು."

ತಬಿತಮ್ಮ ಮೆಟ್ಟಿಲ ಕಡೆ ಕೈ ತೋರಿಸಿದರು. ಅಲ್ಲಿ ಮಕ್ಕಳ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು.

"ಮೊದಲು ಅದನ್ನ ಜೋಡಿಸು."

ಜೆಮೀಮಾ ಚಿಕ್ಕವಳಾಗಿ ಇಲ್ಲಿಗೆ ಬರುತ್ತಿದ್ದಾಗ ಚಪ್ಪಲಿಗಳನ್ನು ಯಾರೂ ಜೋಡಿಸುತ್ತಿರಲಿಲ್ಲ. ರಾಶಿಯಾಗಿ ಬಿದ್ದಿರುತ್ತಿದ್ದವು. ಇದೇನು ಹೊಸದು ಎಂದುಕೊಂಡಳು. ಕೇಳಲಿಲ್ಲ. ಇಪ್ಪತ್ತೆರಡು ಜೊತೆಯನ್ನೂ ಸಾಲಾಗಿ, ಬಾಗಿಲಿಗೆ ಮುಖ ಮಾಡಿ ಇಟ್ಟಳು.

ತಬಿತಮ್ಮ ಬಂದು ಕೂತರು. ಒಂದು ಜೊತೆಯನ್ನು ಎತ್ತಿ, ತಿರುಗಿಸಿ, ಬೀದಿಗೆ ಮುಖ ಮಾಡಿ ಇಟ್ಟರು. ಆಮೇಲೆ ಇನ್ನೊಂದು.

"ಯಾಕಮ್ಮ, ಆ ಕಡೆಗೆ?"

"ಇಲ್ಲಿಂದ ಮಕ್ಕಳು ಎಲ್ಲಿಗೆ ಹೋಗ್ತಾರೆ?"

"ಮನೆಗೆ."

"ಅದಕ್ಕೇ."

ಜೆಮೀಮಾಳಿಗೆ ಅರ್ಥವಾಗಲಿಲ್ಲ. ತಲೆಯಾಡಿಸಿದಳು.

ಮೂರು ಭಾನುವಾರ ಜೋಡಿಸಿದಳು. ನಾಲ್ಕನೆಯ ಭಾನುವಾರ ಸೀಮೆಸುಣ್ಣ ತಂದು ಮೆಟ್ಟಿಲ ಮೇಲೆ ಚೌಕಗಳನ್ನು ಬರೆದು ನಂಬರ್ ಹಾಕಿದಳು. ಪ್ರತಿ ಮಗುವಿಗೂ ಒಂದು ನಂಬರ್.

"ಇನ್ನು ಅವರೇ ಇಟ್ಕೊಳ್ತಾರಮ್ಮ. ಡಿಸಿಪ್ಲಿನ್ ಬರುತ್ತೆ."

"ಬರಲಿ," ಎಂದರು ತಬಿತಮ್ಮ. ನೋಯುವ ಮಂಡಿಯನ್ನು ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತು, ಚೌಕದೊಳಗಿನ ಒಂದೊಂದೇ ಜೊತೆಯನ್ನು ಬೀದಿಯ ಕಡೆ ತಿರುಗಿಸಿದರು.

ಜೆಮೀಮಾ ಆಗಲೇ ಒಳಗೆ ಹೋಗಿ ಪಾಠ ಶುರು ಮಾಡಿದ್ದಳು.

ಆ ವರ್ಷದ ಮಕ್ಕಳ ಭಾನುವಾರಕ್ಕೆ ಬಿಷಪ್ಪರು ಬರುತ್ತಾರೆಂದು ಗೊತ್ತಾಯಿತು. ಅವತ್ತು ಆರಾಧನೆಯನ್ನೆಲ್ಲ ಮಕ್ಕಳೇ ನಡೆಸುವುದು ವಾಡಿಕೆ. ಹಾಡು ಒಬ್ಬರು, ವಚನ ಒಬ್ಬರು, ಪ್ರಾರ್ಥನೆ ಒಬ್ಬರು.

ಪ್ರಾರ್ಥನೆಗೆ ಜೆಮೀಮಾ ಸಲೋಮಿಯನ್ನು ಆರಿಸಿದಳು. ಏಳು ವರ್ಷದ ಹುಡುಗಿ. ಮೈಕ್ ಇಲ್ಲದಿದ್ದರೂ ಕೊನೆಯ ಬೆಂಚಿಗೆ ಕೇಳಿಸುವ ಗಂಟಲು. ಅವಳ ಅಪ್ಪ ಸುಗುಣರಾಜ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವವನು.

ಶನಿವಾರ ಅಭ್ಯಾಸ.

"ನಿನ್ನ ಮಾತಲ್ಲೇ ಮಾಡು ಸಲೋಮಿ. ದೇವರ ಹತ್ರ ಮಾತಾಡೋ ಹಾಗೆ."

ಸಲೋಮಿ ಕಣ್ಣು ಮುಚ್ಚಿ ಕೈ ಜೋಡಿಸಿದಳು.

"ದೇವರೇ, ನಮ್ಮಪ್ಪ ಅಮ್ಮನ ಜೊತೆ ಮಾತು ಬಿಟ್ಟು ತುಂಬಾ ದಿನ ಆಯ್ತು. ಸಾರಿಗೆ ಉಪ್ಪಿಲ್ಲ ಅಂತ ನನಗೆ ಹೇಳ್ತಾನೆ. ಅಮ್ಮ ಅಲ್ಲೇ ಇರ್ತಾಳೆ, ಕೇಳಿಸಿರುತ್ತೆ, ಆದ್ರೂ ನಾನು ಹೋಗಿ ಹೇಳ್ಬೇಕು. ಆಮೇಲೆ ಅಮ್ಮ ಹೇಳಿದ್ದನ್ನ ಅವನಿಗೆ ಹೇಳ್ಬೇಕು. ನನಗೆ ಸಾಕಾಗಿದೆ ದೇವರೇ. ಇಲ್ಲಿ ಬಂದ್ರೆ ಅಷ್ಟು ಜೋರಾಗಿ ಹಾಡ್ತಾನಲ್ಲ, ಮನೇಲೂ ಸ್ವಲ್ಪ..."

ಮಕ್ಕಳು ಕಿಸಕ್ಕನೆ ನಕ್ಕರು.

"ತಟ್ಟೆ ಕುಟ್ಟಿ ಅನ್ನ ಕೇಳ್ತಾನಂತೆ ಮಿಸ್, ಅವರಪ್ಪ!" ಎಂದ ಒಬ್ಬ.

ಜೆಮೀಮಾಳ ಕಿವಿ ಬಿಸಿಯಾಯಿತು. ಬಿಷಪ್ಪರು, ಮುಂದಿನ ಸಾಲು, ಹಾರ್ಮೋನಿಯಂ ಮುಂದೆ ಕೂತ ಸುಗುಣರಾಜ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು.

"ಛೀ, ಸಲೋಮಿ! ಮನೆ ವಿಷಯ ದೇವರ ಮುಂದೆ ಹೇಳ್ತಾರಾ? ನಾಚಿಕೆ ಆಗಲ್ವಾ?"

ಸಲೋಮಿ ಕಣ್ಣು ತೆರೆದಳು. ಜೋಡಿಸಿದ ಕೈಯನ್ನು ನೋಡಿಕೊಂಡಳು. ಆಮೇಲೆ ಅದನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಜೆಮೀಮಾ ಒಂದು ಚೀಟಿಯಲ್ಲಿ ಬೇರೆ ಪ್ರಾರ್ಥನೆ ಬರೆದುಕೊಟ್ಟಳು. ಲೋಕದ ಶಾಂತಿಗಾಗಿ. ನಾಡನ್ನು ಆಳುವವರಿಗಾಗಿ. ರೋಗಿಗಳಿಗಾಗಿ. ಸಲೋಮಿ ಸಂಜೆಯೊಳಗೆ ಬಾಯಿಪಾಠ ಮಾಡಿದಳು.

ಮರುದಿನ ಒಂದಕ್ಷರ ತಪ್ಪಲಿಲ್ಲ. ಬಿಷಪ್ಪರು ಅವಳ ತಲೆಯ ಮೇಲೆ ಕೈಯಿಟ್ಟರು.

"ಎಷ್ಟು ಚೆನ್ನಾಗಿ ಪ್ರಾರ್ಥನೆ ಮಾಡಿದೆ ಮಗು! ಯಾರಮ್ಮ ಕಲಿಸಿದ್ದು?"

ಸಲೋಮಿ ಬೆರಳು ತೋರಿಸಿದಳು. ಸಭೆಯೆಲ್ಲ ತಿರುಗಿ ಜೆಮೀಮಾಳನ್ನು ನೋಡಿತು. ಜೆಮೀಮಾ ನೆಲ ನೋಡಿದಳು. ಒಳಗೊಳಗೆ ಖುಷಿಯಾಗಿತ್ತು.

ಮುಂದಿನ ಭಾನುವಾರ ಪಾಠ ಮುಗಿದ ಮೇಲೆ ಸಲೋಮಿಯ ಅಮ್ಮ ಲಿಲ್ಲಿ ಬಾಗಿಲ ಹತ್ತಿರ ಬಂದು ನಿಂತಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿದ್ದಳು.

"ಮಿಸ್, ಇನ್ನೊಂದು ಚೀಟಿ ಬರ್ಕೊಡ್ತೀರಾ?"

"ಯಾಕೆ ಲಿಲ್ಲಿ ಅಕ್ಕ?"

"ಇವಳು ಮಲಗೋ ಮುಂಚೆ ಪ್ರಾರ್ಥನೆ ಮಾಡೋದು ಬಿಟ್ಟುಬಿಟ್ಟಿದಾಳೆ. ಮೊದಲೆಲ್ಲ ಹೇಳಿದ್ರೂ ನಿಲ್ಲಿಸ್ತಿರಲಿಲ್ಲ. ಈಗ ಕೇಳಿದ್ರೆ, ಅದು ಬಿಷಪ್ಪರ ಚೀಟಿ, ಮನೇಲಿ ಹೇಳೋದಲ್ಲ ಅಂತಾಳೆ."

"ಅವಳ ಮಾತಲ್ಲೇ ಮಾಡೋಕೆ ಹೇಳಿ."

"ಹೇಳಿದೆ. ಮನೆ ವಿಷಯ ದೇವರಿಗೆ ಇಷ್ಟ ಇಲ್ಲ, ಮಿಸ್ ಹೇಳಿದಾರೆ ಅಂದಳು." ಲಿಲ್ಲಿ ದನಿ ತಗ್ಗಿಸಿದಳು. "ಹೌದಾ ಮಿಸ್? ನೀವು ಓದಿದವರು, ಅದಕ್ಕೆ ಕೇಳ್ತಿದೀನಿ. ನಾನೂ ದಿನಾ ಅದನ್ನೇ ಕೇಳ್ಕೊತಿದ್ದೆ."

ಲಿಲ್ಲಿಯ ಹಿಂದೆ ಸಲೋಮಿ ನಿಂತಿದ್ದಳು, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ.

ಎಲ್ಲರೂ ಹೋದ ಮೇಲೆ ಜೆಮೀಮಾ ಕೋಣೆಗೆ ಬಂದಳು. ತಬಿತಮ್ಮ ಮಕ್ಕಳು ಚೆಲ್ಲಿದ ಬಣ್ಣದ ಕಡ್ಡಿಗಳನ್ನು ಡಬ್ಬಿಗೆ ತುಂಬುತ್ತಿದ್ದರು.

"ಅಮ್ಮ, ಒಂದು ತಪ್ಪಾಗಿದೆ. ಸಲೋಮಿಗೆ ಚೀಟಿ ಬರ್ಕೊಟ್ಟೆ."

"ಚೀಟಿ ಬರೀ ಕಾಗದ. ಇನ್ನೇನು ಮಾಡಿದೆ?"

ಜೆಮೀಮಾ ಶನಿವಾರದ್ದನ್ನೆಲ್ಲ ಹೇಳಿದಳು. ಮಗುವಿನ ಪ್ರಾರ್ಥನೆ. ಮಕ್ಕಳ ನಗು.

"ನೀನೇನು ಅಂದೆ?"

"ಛೀ ಅಂದೆ."

"ಪ್ರಾರ್ಥನೆ ಮಾಡೋ ಮಗುಗೆ?"

"ಹೌದು."

"ಯಾಕೆ?"

"ಅವಳ ಮರ್ಯಾದೆ ಹೋಗಬಾರದು ಅಂತ. ಅವರಪ್ಪಂದು..."

ತಬಿತಮ್ಮ ಒಂದು ಮುರಿದ ನೀಲಿ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ನಂದು," ಎಂದಳು ಜೆಮೀಮಾ. "ನನ್ನ ಮರ್ಯಾದೆ. ಮಿಸ್ ಸರಿಯಾಗಿ ಕಲಿಸಿಲ್ಲ ಅಂತಾರೆ ಅಂತ."

ತಬಿತಮ್ಮ ನೀಲಿ ಕಡ್ಡಿಯನ್ನು ಡಬ್ಬಿಗೆ ಹಾಕಿದರು.

"ಈಗ ಅವಳಿಗೆ ಏನು ಹೇಳಲಿ ಅಮ್ಮ?"

"ಅವಳಿಗೆ ಹೇಳೋದು ಆಮೇಲೆ. ದೇವರಿಗೆ ಹೇಳಿದ್ಯಾ?"

ಜೆಮೀಮಾ ನೆಲಕ್ಕೆ ಬಿದ್ದಿದ್ದ ಒಂದು ಕಡ್ಡಿಯನ್ನು ಎತ್ತಿ ಕೊಟ್ಟಳು.

"ಪ್ರಾರ್ಥನೆ ಮಾಡ್ತೀಯ ತಾನೆ?"

"ಫೋನಿಗೆ ಬರುತ್ತೆ. ದಿನಕ್ಕೊಂದು, ಇಂಗ್ಲಿಷಿನಲ್ಲಿ. ಓದ್ತೀನಿ."

"ಯಾರು ಬರೀತಾರೆ ಅದನ್ನ?"

"ಗೊತ್ತಿಲ್ಲ."

ತಬಿತಮ್ಮ ನಗಲಿಲ್ಲ. ನಕ್ಕಿದ್ದರೆ ಜೆಮೀಮಾಳಿಗೆ ಹಗುರಾಗುತ್ತಿತ್ತು. ಅವಳು ಗೋಡೆಯ ಕಡೆ ನೋಡುತ್ತ ಮಾತಾಡಿದಳು.

"ಒಂಬತ್ತು ವರ್ಷದವಳಿದ್ದಾಗ ಇದೇ ಕೋಣೇಲಿ ಎದ್ದು ಪ್ರಾರ್ಥನೆ ಮಾಡಿದ್ದೆ ಅಮ್ಮ. ಮನೇಲಿ ಬೇರೆ ಭಾಷೆ, ನನ್ನ ಕನ್ನಡ ಆಗ ಅರ್ಧಂಬರ್ಧ. ಮಧ್ಯದಲ್ಲಿ ಏನೋ ತಪ್ಪು ಹೇಳಿದೆ, ಏನು ಅಂತ ಇವತ್ತಿಗೂ ಗೊತ್ತಿಲ್ಲ. ಎಲ್ಲರೂ ನಕ್ಕರು. ಆಮೇಲೆ ಬಾಯಿಬಿಟ್ಟು ಮಾಡೇ ಇಲ್ಲ."

"ನೆನಪಿದೆ."

ಜೆಮೀಮಾ ತಿರುಗಿದಳು.

"ನಾನೂ ನಕ್ಕಿದ್ದೆ," ಎಂದರು ತಬಿತಮ್ಮ.

ಹೊರಗೆ ಯಾರದೋ ಸೈಕಲ್ ಬೆಲ್ ಕೇಳಿಸಿ ದೂರವಾಯಿತು.

"ಆಮೇಲಿನ ಭಾನುವಾರ ಕೋಣೆ ತುಂಬಾ ಮಕ್ಕಳು. ಯಾರೋ ಒಬ್ಬರು ಬಂದಿಲ್ಲ ಅನ್ನಿಸ್ತು, ಯಾರು ಅಂತ ತಿಳೀಲಿಲ್ಲ. ಹೊರಗೆ ಬಂದೆ. ಮೆಟ್ಟಿಲ ಮೇಲೆ ಚಪ್ಪಲಿ ರಾಶಿ. ಕೂತ್ಕೊಂಡು ಒಂದೊಂದೇ ಜೊತೆ ಮಾಡಿದೆ. ಇದು ಇವಂದು, ಇದು ಇವಳದು ಅಂತ." ಡಬ್ಬಿಯ ಮುಚ್ಚಳ ಹಾಕಿದರು. "ನಿನ್ನ ಕೆಂಪು ಚಪ್ಪಲಿ ಇರಲಿಲ್ಲ. ಅದರ ಮುಂದಿನ ವಾರವೂ ಇರಲಿಲ್ಲ. ಆಮೇಲೆ ಹಾಸ್ಟೆಲಿಗೆ ಹೋದೆ ಅಂದ್ರು."



"ನೀವು ಬಂದು ಕರೀಬಹುದಿತ್ತಲ್ಲಮ್ಮ."

"ಬರಬಹುದಿತ್ತು. ನಿಮ್ಮ ಗೇಟಿನ ತನಕ ಬಂದೆ. ನಾಚಿಕೆಯಾಗಿ ವಾಪಸ್ ಹೋದೆ. ಟೀಚರಮ್ಮ ಒಂದು ಮಗುವಿನ ಮುಂದೆ ತಪ್ಪಾಯ್ತು ಅಂತ ನಿಲ್ಲೋದು ಹೇಗೆ ಅಂತ."

ತಬಿತಮ್ಮ ಗೋಡೆ ಹಿಡಿದು ನಿಧಾನವಾಗಿ ಎದ್ದರು. ಜೆಮೀಮಾಳ ಮುಂದೆ ಬಂದು ನಿಂತರು.

"ತಪ್ಪಾಯ್ತು ಕಣೇ," ಎಂದರು.

ಅಷ್ಟೇ. ಆಮೇಲೆ ಡಬ್ಬಿಯನ್ನು ಕಪಾಟಿಗೆ ಇಟ್ಟು ಬೀಗ ಹಾಕಿದರು.

ಮುಂದಿನ ಭಾನುವಾರ ಜೆಮೀಮಾ ಎಲ್ಲರಿಗಿಂತ ಮುಂಚೆ ಬಂದಳು. ಒದ್ದೆ ಬಟ್ಟೆಯಿಂದ ಮೆಟ್ಟಿಲ ಮೇಲಿನ ನಂಬರುಗಳನ್ನು ಒರೆಸಿದಳು. ಮಕ್ಕಳು ಚಪ್ಪಲಿ ಒದರಿ ಒಳಗೆ ಓಡಿದರು. ಅವಳು ಕೂತು ಒಂದೊಂದೇ ಜೊತೆ ಮಾಡತೊಡಗಿದಳು. ಒಂದು ಜೊತೆಯ ಹಿಮ್ಮಡಿ ಸವೆದಿತ್ತು. ಇನ್ನೊಂದು ಅಣ್ಣನದ್ದಿರಬೇಕು, ಎರಡು ಬೆರಳು ದೊಡ್ಡದು. ಮೂರು ವಾರ ಜೋಡಿಸಿದಾಗ ಇದೊಂದೂ ಕಂಡಿರಲಿಲ್ಲ.

ಸಲೋಮಿಯ ಹಸಿರು ಚಪ್ಪಲಿ ಇರಲಿಲ್ಲ.

ಗಂಟೆ ಹೊಡೆಯಿತು. ಆಗಲೂ ಇರಲಿಲ್ಲ. ಜೆಮೀಮಾ ಮತ್ತೆ ಮೊದಲಿಂದ ನೋಡಿದಳು.

"ಮಿಸ್, ಏನು ಹುಡುಕ್ತಿದೀರಾ?"

ತಲೆಯೆತ್ತಿದಳು. ಸಲೋಮಿ ನಿಂತಿದ್ದಳು. ಒಂದು ಹಸಿರು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ. ಬಾರು ಕಿತ್ತುಹೋಗಿತ್ತು.

"ಇದನ್ನೇ," ಎಂದಳು ಜೆಮೀಮಾ. ತನ್ನ ದುಪಟ್ಟಾದ ಪಿನ್ನು ತೆಗೆದು ಬಾರಿಗೆ ಚುಚ್ಚಿ ಸರಿ ಮಾಡಿದಳು. ಎರಡನ್ನೂ ಬೀದಿಯ ಕಡೆ ಮುಖ ಮಾಡಿ ಇಟ್ಟಳು.

ಒಳಗೆ ಪ್ರಾರ್ಥನೆಯ ಹೊತ್ತಾಯಿತು. ಮಕ್ಕಳು ಕಣ್ಣು ಮುಚ್ಚಿದರು. ತಬಿತಮ್ಮ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದರು. ಜೆಮೀಮಾ ಫೋನನ್ನು ಬ್ಯಾಗಿನೊಳಗೆ ಹಾಕಿ ಎದ್ದು ನಿಂತಳು.

"ದೇವರೇ..." ಎಂದಳು. ಬಹಳ ಹೊತ್ತು ಏನೂ ಬರಲಿಲ್ಲ.

"ಸಲೋಮಿ ನಿಮ್ಮ ಹತ್ರ ಮಾತಾಡ್ತಿದ್ದಾಗ ನಾನು ಮಧ್ಯ ಬಾಯಿ ಹಾಕಿದೆ. ಅದು ನನ್ನ ಜಾಗ ಅಲ್ಲ. ಮನೆ ವಿಷಯ ನಿಮಗೆ ಹೇಳಬಾರದು ಅಂದೆ. ಅದು ಸುಳ್ಳು. ನನಗೆ ನಾಚಿಕೆಯಾಗಿ ಹಾಗೆ ಅಂದೆ. ಈಗ ಅದಕ್ಕಿಂತ ಜಾಸ್ತಿ ನಾಚಿಕೆ ಆಗ್ತಿದೆ. ಅವಳಿಗೆ ತಪ್ಪಾಯ್ತು ಅಂತ... ಅವಳಿಗೂ, ಅವರಮ್ಮಂಗೂ. ನನಗೆ... ಇನ್ನೇನು ಹೇಳ್ಬೇಕು ಗೊತ್ತಾಗ್ತಿಲ್ಲ."



"ಆಮೆನ್ ಅನ್ನಿ ಮಿಸ್," ಎಂದು ಮುಂದಿನ ಸಾಲಿನಿಂದ ಯಾರೋ ಪಿಸುಗುಟ್ಟಿದರು.

"ಆಮೆನ್."

ಮಕ್ಕಳು ಕಣ್ಣು ತೆರೆದರು. ಕೆಲವರು ನಕ್ಕರು. ಜೆಮೀಮಾ ಕೂರಲಿಲ್ಲ.

ಸಲೋಮಿ ಅವಳನ್ನೇ ನೋಡುತ್ತಿದ್ದಳು.

"ಮಿಸ್, ಇದನ್ನ ಯಾರು ಬರ್ಕೊಟ್ರು?"

"ಯಾರೂ ಇಲ್ಲ."

"ಅದಕ್ಕೇ ತಡವರಿಸಿದ್ರಿ," ಎಂದಳು ಸಲೋಮಿ, ಸಮಾಧಾನ ಹೇಳುವವಳ ಹಾಗೆ.

ಪಾಠ ಮುಗಿಯಿತು. ದೊಡ್ಡ ಮಕ್ಕಳು ಚಪ್ಪಲಿಗೆ ಕಾಲು ತೂರಿಸಿ ನೇರ ಬೀದಿಗೆ ಓಡಿದರು. ಚಿಕ್ಕವರು ಇನ್ನೂ ಒಳಗೆ ಬಣ್ಣ ಹಚ್ಚುತ್ತಿದ್ದರು. ಓಡಿದವರ ಕಾಲು ತಾಗಿ ಚಿಕ್ಕವರ ಚಪ್ಪಲಿಗಳು ಚೆಲ್ಲಾಪಿಲ್ಲಿಯಾಗಿದ್ದವು.

ಸಲೋಮಿ ಓಡಲಿಲ್ಲ. ಪಿನ್ನು ಹಾಕಿದ ಚಪ್ಪಲಿ ಮೆಟ್ಟಿಕೊಂಡು ಅಂಗಳದ ಹೊಂಗೆ ಮರದ ತನಕ ಹೋಗಿ, ಬೊಡ್ಡೆಗೆ ಮುಖ ಮಾಡಿ ನಿಂತಳು. ಅವಳ ತುಟಿ ಅಲ್ಲಾಡುತ್ತಿತ್ತು. ಒಂದು ಕೈ ಮೇಲೆ ಕೆಳಗೆ ಆಡುತ್ತಿತ್ತು, ಯಾರ ಮೇಲೋ ದೂರು ಹೇಳುವ ಹಾಗೆ. ನಡುವೆ ನಿಲ್ಲಿಸಿ ಮೂಗು ಒರೆಸಿಕೊಂಡಳು. ಮತ್ತೆ ಶುರು ಮಾಡಿದಳು.

ಜೆಮೀಮಾ ಮೆಟ್ಟಿಲ ತುದಿಗೆ ಬಂದು ಕಿವಿಗೊಟ್ಟಳು.

"ಅಮ್ಮ, ಏನು ಹೇಳ್ತಿದಾಳೆ? ಇಲ್ಲಿಗೆ ಕೇಳಿಸ್ತಿಲ್ಲ."

"ನಿನಗೆ ಹೇಳ್ತಿಲ್ಲ ಕಣೇ," ಎಂದರು ತಬಿತಮ್ಮ. "ಚಪ್ಪಲಿ ಜೋಡಿಸು."