ಪಕ್ಕೆಯ ಮೇಲಿನ ಹಣೆಬರಹ

ಹೆದ್ದಾರಿ ಬದಿಯ ಟಯರ್ ಅಂಗಡಿಯ ಸೂರಿನ ಕೊಕ್ಕೆಯಲ್ಲಿ, ಬೋರ್ಡಿನ ಬದಲಿಗೆ, ಹೊಟ್ಟೆಯೊಡೆದ ಹಳೇ ಟಯರೊಂದು ನೇತಾಡುತ್ತಿತ್ತು. ಎಲೆ ಅಲುಗದ ಮಧ್ಯಾಹ್ನದಲ್ಲೂ ಅದು ಮೆಲ್ಲಗೆ ತಿರುಗುತ್ತಿತ್ತು.

ಒಂದು ದಿನ ಆನೆಯಂಥ ಭಾರಿ ಬೈಕೊಂದು ಊರೂರು ಸುತ್ತಿ, ಟಯರು ಸವೆಸಿಕೊಂಡು ಅಲ್ಲಿಗೆ ಬಂತು. ಒಳ್ಳೆ ಗ್ರಿಪ್ಪಿನ, ಮಿರಮಿರ ಮಿಂಚುವ ಹೊಸ ಟಯರೊಂದಕ್ಕೆ ಮನಸೋತು, "ನನಗೆ ಇದೇ ಆಗಬೇಕು" ಎಂದಿತು.

"ಅದರ ಪಕ್ಕೆ ಓದಿದೆಯಾ?" ಎಂದು ನೇತಾಡುವ ಟಯರು ಕೇಳಿತು. "ಮನುಷ್ಯರ ಹಣೆಬರಹ ಯಾರಿಗೂ ಓದಲು ಬಾರದು. ನಮ್ಮದನ್ನು ಎಲ್ಲರೂ ಓದಲೆಂದೇ ಪಕ್ಕೆಯ ಮೇಲೆ ಬರೆದಿದ್ದಾರೆ. ಅದರ ಕೊನೆಯ ಅಕ್ಷರದ ಅರ್ಥ, ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗದವರೆಗೆ ಮಾತ್ರ ತಾಳುತ್ತದೆ ಎಂದು. ನೀನೋ ಇನ್ನೂರರಲ್ಲಿ ಓಡುವವನು."

"ನಿಜ, ನಾನು ಅಷ್ಟೇ ತಾಳುವವನು" ಎಂದಿತು ಹೊಸ ಟಯರು, ಸಣ್ಣ ದನಿಯಲ್ಲಿ.

ಬೈಕಿಗೆ ನಗು ಬಂತು. "ಒಂದಕ್ಷರಕ್ಕೆ ಇಷ್ಟು ಗಾಬರಿಯೇ? ನಿಂಬೆಹಣ್ಣು ತುಳಿದು ಹೊರಟರಾಯಿತು!"

ಚಕ್ರದಡಿ ಇಟ್ಟ ನಿಂಬೆಹಣ್ಣು, "ಅಣ್ಣಾ, ನಾನು ದೃಷ್ಟಿ ತೆಗೆಯಬಲ್ಲೆ, ಟಯರಿನ ಕಾವು ತೆಗೆಯಲು ನನ್ನಿಂದ..." ಎನ್ನುವಷ್ಟರಲ್ಲಿ ಅಪ್ಪಚ್ಚಿಯಾಯಿತು.

ಬೈಕು ಮರಳಿ ಬರಲಿಲ್ಲ. ಟಯರು ಮಾತ್ರ ಬಂತು, ಹೊಟ್ಟೆಯೊಡೆದುಕೊಂಡು. ಈಗ ಸೂರಿನಲ್ಲಿ ಎರಡು ತೂಗುತ್ತವೆ.

ಮೊನ್ನೆ ಇನ್ನೊಂದು ಭಾರಿ ಬೈಕು ಬಂದು ಹೊಳೆಯುವ ಟಯರೊಂದರ ಮುಂದೆ ನಿಂತಿತು. ಗಾಳಿ ಬೀಸದಿದ್ದರೂ ಸೂರಿನ ಎರಡೂ ಟಯರುಗಳು ಒಟ್ಟಿಗೆ ಬೈಕಿನತ್ತ ತಿರುಗಿ, ಒಂದೇ ದನಿಯಲ್ಲಿ, "ಪಕ್ಕೆ ಓದಿದೆಯಾ?" ಎಂದವು.

ಬೈಕು ನಕ್ಕಿತು. ಅಂಗಡಿಯ ಯಜಮಾನ ಒಳಗೆ ಹೋಗಿ, ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಹೊಸ ಕೊಕ್ಕೆ ಹಿಡಿದು ಬಂದ.